ಗೋಡೆ ಬರೆದವರ ಹೆಸರೂ ಇರಲಿ, ಸಚಿವರೇ

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ,

ನಮಸ್ಕಾರ. 2024ರಲ್ಲಿ ಇಟಲಿಯ ವೆನಿಸ್ ಬಿನಾಲೆಯಲ್ಲಿ, ಅಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಪ್ರದರ್ಶನದಲ್ಲಿ, ನಮ್ಮ ಬೆಂಗಳೂರಿನವರು ಬರೆದ ಒಂದು ದೊಡ್ಡ ಗೋಡೆಚಿತ್ರ ಇತ್ತು. ಹೆಸರು 'ಡಯಾಸ್ಪೋರ್'. ಬರೆದವರು ಅರವಾನಿ ಆರ್ಟ್ ಪ್ರಾಜೆಕ್ಟ್‌ನ ಹೆಂಗಸರು, ಅವರಲ್ಲಿ ಟ್ರಾನ್ಸ್ ಮಹಿಳೆಯರೂ ಇದ್ದಾರೆ. ಪೂರ್ಣಿಮಾ ಸುಕುಮಾರ್ ಈ ತಂಡ ಕಟ್ಟಿದ್ದು 2016ರಲ್ಲಿ. ವೆನಿಸ್‌ಗೂ ಮೊದಲು ಅವರು ಬಣ್ಣದ ಡಬ್ಬಿ ಹಿಡಿದು ನಿಂತಿದ್ದು ನಮ್ಮ ಕೆ.ಆರ್. ಮಾರ್ಕೆಟ್‌ನ ಗೋಡೆ ಮುಂದೆ. ಅಲ್ಲಿ ಬರೆದದ್ದು 'ನಾವು ಇದ್ದೀವಿ' ಅಂತ.

ಆ ಎರಡು ಪದ ಸುಮ್ನೆ ಬಂದದ್ದಲ್ಲ. ಸಿಗ್ನಲ್‌ನಲ್ಲಿ ಕಾರಿನ ಗಾಜು ಏರಿಸಿಕೊಂಡು ನಾವು ಮುಖ ತಿರುಗಿಸುವುದು ಇವರನ್ನು ಕಂಡೇ ಅಲ್ವಾ? ಅದೇ ಕೈಯಲ್ಲಿ ಬ್ರಶ್ ಇದ್ದರೆ ಜನ ನಿಲ್ಲುತ್ತಾರೆ. 'ಏನಮ್ಮಾ ಬರೀತಿದ್ದೀರಿ?' ಅಂತ ಕೇಳುತ್ತಾರೆ. ಗ್ಯಾಲರಿಯ ಬಾಗಿಲೊಳಗೆ ಹೆಜ್ಜೆಯಿಡಲು ಹೆದರುವ ಹೂವಿನವರೂ ಹಮಾಲರೂ ಬೀದಿಯಲ್ಲಿ ಧೈರ್ಯವಾಗಿ ಅಭಿಪ್ರಾಯ ಹೇಳುತ್ತಾರೆ. ಈ ತಂಡ ಕಲಿತದ್ದು ಆ ಶಾಲೆಯಲ್ಲಿ ಅಂತ ನನ್ನ ಅಂದಾಜು.

ಗ್ಯಾಲರಿಯಲ್ಲಿ ಚಿತ್ರದ ಪಕ್ಕ ಒಂದು ಚೀಟಿ ಇರುತ್ತದೆ. ಕಲಾವಿದರ ಹೆಸರು, ಇಸವಿ, ಯಾವ ಬಣ್ಣ, ಎಲ್ಲ. ನಮ್ಮ ಬೀದಿಗಳಲ್ಲಿ? ಎಷ್ಟೋ ಕಡೆ ಗೋಡೆಗೆ ಚಿತ್ರ ಬರೆಸುವುದೇ ಅಲ್ಲಿ ಯಾರೂ ಉಚ್ಚೆ ಹೊಯ್ಯದಿರಲಿ ಅಂತ. ಕೂಲಿ ಚದರಡಿ ಲೆಕ್ಕ. 2009ರ ಸುಮಾರಿಗೆ, ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್ ಕಲಾವಿದರಿಗೆ ಬೆಂಗಳೂರಿನ ಗೋಡೆಗಳು ಸಿಕ್ಕವು. ಒಳ್ಳೆಯ ಕೆಲಸವೇ. ಆದರೆ ಆ ಗೋಡೆಗಳ ಮೇಲಿನ ಯಕ್ಷಗಾನದ ಕಿರೀಟ ಯಾರ ಕೈಯದು, ಆ ಹುಲಿ ಯಾರದು ಅಂದರೆ ಎಷ್ಟು ಜನ ಹೇಳಿಯಾರು? ನನಗಂತೂ ಗೊತ್ತಿಲ್ಲ.

ನಮ್ಮ ಬಡಾವಣೆಯ ಒಂದು ಕಾಂಪೌಂಡಿನ ಮೇಲೆ ಮಂಗಟ್ಟೆ ಹಕ್ಕಿ ಇತ್ತು. ಹಳದಿ ಕೊಕ್ಕು, ಆಳೆತ್ತರ. ನನ್ನ ಮಗಳು ಸ್ಕೂಲಿಗೆ ಹೋಗುವಾಗ ದಿನಾ ಅದಕ್ಕೆ ಟಾಟಾ ಮಾಡುತ್ತಿದ್ದಳು. ಯಾರೋ ದೊಡ್ಡವರು ಬರುತ್ತಾರೆ ಅಂತ ರಾತ್ರೋರಾತ್ರಿ ಸುಣ್ಣ ಬಳಿದರು. ಆ ಹಕ್ಕಿ ಬರೆದವರು ಯಾರು ಅಂತ ಯಾರನ್ನು ಕೇಳಿದರೂ 'ನಮಗೆ ಗೊತ್ತಿಲ್ಲ ಸಾರ್' ಅನ್ನುವ ಉತ್ತರವೇ.

ನಾನು ಹೊಸ ಅಕಾಡೆಮಿ ಕೇಳುತ್ತಿಲ್ಲ, ಪ್ರಶಸ್ತಿಯನ್ನೂ ಕೇಳುತ್ತಿಲ್ಲ. ಸರ್ಕಾರದ ದುಡ್ಡಲ್ಲಿ ಬರೆಸುವ ಪ್ರತಿ ಗೋಡೆಯ ಮೂಲೆಯಲ್ಲೂ ಬರೆದವರ ಹೆಸರು, ಇಸವಿ ಇರಲಿ. ಅಳಿಸುವ ಮುಂಚೆ ಅವರಿಗೊಂದು ಫೋನ್ ಹೋಗಲಿ, ಫೋಟೋ ತೆಗೆದಿಡಲಿ. ಕರ್ನಾಟಕ ಲಲಿತಕಲಾ ಅಕಾಡೆಮಿಯಲ್ಲಿ ಅದಕ್ಕೊಂದು ದಾಖಲೆ ಪುಸ್ತಕ ಇದ್ದರೆ ಸಾಕು. ನಾಳೆ ಯಾವುದೋ ಗ್ಯಾಲರಿಯವರು 'ಇದುವರೆಗೆ ಏನು ಮಾಡಿದ್ದೀರಿ?' ಅಂತ ಕೇಳಿದಾಗ ತೋರಿಸಲು ಕೈಯಲ್ಲಿ ಏನಾದರೂ ಬೇಕಲ್ಲ. ಗೋಡೆಯನ್ನು ಹೊತ್ತುಕೊಂಡು ಹೋಗಲು ಆಗುತ್ತದೆಯೇ?

ಹೋದ ಮಳೆಗೆ ಆ ಸುಣ್ಣ ಅಲ್ಲಲ್ಲಿ ತೊಳೆದುಹೋಗಿದೆ. ಕೊಕ್ಕಿನ ತುದಿ ಮತ್ತೆ ಕಾಣಿಸುತ್ತಿದೆ. ಬರೆದವರು ಯಾರು ಅಂತ ನಾನಿನ್ನೂ ವಿಚಾರಿಸುತ್ತಲೇ ಇದ್ದೇನೆ.

ಇಂತಿ,
ಬೆಂಗಳೂರಿನ ಒಬ್ಬ ದಾರಿಹೋಕ