ಗಣಿ ಊರಿಗೆ ಹೋದರೆ ಕಿಟ್ಟದ ರಾಶಿಯನ್ನೂ ನೋಡಿ

ಮಾನ್ಯ ಸಂಪಾದಕರೇ,

ಬೆಟ್ಟದ ಮೇಲಿನ ಹಳೆಯ ಗಣಿ ಊರುಗಳ ಬಗ್ಗೆ ಬರುವ ಪ್ರವಾಸ ಬರಹಗಳಲ್ಲಿ ಚರ್ಚು, ಬಣ್ಣದ ಮನೆಗಳದ್ದೇ ಮಾತು ಜಾಸ್ತಿ. ಅದಿರು ಅಗೆದವರು ಎಲ್ಲಿ ಮಲಗುತ್ತಿದ್ದರು, ಎಂಥ ಗಾಳಿ ಕುಡಿದರು ಎಂಬುದು ಬರುವುದೇ ಇಲ್ಲ. ಅದೂ ಬರಬೇಕಲ್ವಾ?

ಬೊಲಿವಿಯಾದ ಪೊಟೊಸಿಯನ್ನೇ ನೋಡಿ. ಸುಮಾರು 4,000 ಮೀಟರ್ ಎತ್ತರದ ಊರು. 1545ರಲ್ಲಿ ಸ್ಪೇನಿನವರು ಅಲ್ಲಿನ ಸೆರ್ರೊ ರಿಕೊ ಬೆಟ್ಟದಲ್ಲಿ ಬೆಳ್ಳಿ ತೆಗೆಯಲು ಶುರು ಮಾಡಿದರು. ಅಲ್ಲಿಗೆ ಹೋದವರೆಲ್ಲ ಊರಿನ ದೊಡ್ಡ ಟಂಕಸಾಲೆಯನ್ನು ಹೊಗಳುತ್ತಾರೆ. ಆದರೆ ಆ ನಾಣ್ಯಗಳ ಬೆಳ್ಳಿಯನ್ನು ಅಗೆದು ತಂದವರು ಯಾರು? 'ಮಿತಾ' ಎಂಬ ಪದ್ಧತಿಯಲ್ಲಿ ಆಂಡಿಸ್ ಬೆಟ್ಟಸಾಲಿನ ಹಳ್ಳಿಗಳು ಸರದಿ ಪ್ರಕಾರ ಗಂಡಾಳುಗಳನ್ನು ಕಳಿಸಲೇಬೇಕಿತ್ತು. ಇದು 1812ರವರೆಗೂ, ಅಂದರೆ ಇನ್ನೂರಕ್ಕೂ ಹೆಚ್ಚು ವರ್ಷ ನಡೆಯಿತು. ಅದಿರಿನಿಂದ ಬೆಳ್ಳಿ ಬಿಡಿಸಲು ಬಳಸಿದ ಪಾದರಸದ ವಿಷವೂ ಅವರ ಮೈಗೇ ಸೇರಿತು. ಅದಿರು ಅರೆಯುವ ಗಿರಣಿಗಳಿಗೆ ನೀರು ಬೇಕೆಂದು ಬೆಟ್ಟಗಳ ನಡುವೆ ಕಟ್ಟಿದ ಕೆರೆಗಳು ಈಗಲೂ ಇವೆ. ನನಗಂತೂ ಟಂಕಸಾಲೆಗಿಂತ ಆ ಕೆರೆಗಳೇ ದೊಡ್ಡವು.

ಅಲ್ಲಿ ಇಂದಿಗೂ ಗಣಿ ಕೆಲಸ ನಿಂತಿಲ್ಲ. ಅಗೆದು ಅಗೆದು ಬೆಟ್ಟದ ತುದಿಯೇ ಕುಸಿಯತೊಡಗಿದೆ. 2014ರಲ್ಲಿ ಯುನೆಸ್ಕೊ ಈ ಊರನ್ನು ಅಪಾಯದಲ್ಲಿರುವ ವಿಶ್ವ ಪರಂಪರೆ ತಾಣಗಳ ಪಟ್ಟಿಗೆ ಸೇರಿಸಿತು. ಸುರಂಗದ ದೂಳಿನಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಕಾರ್ಮಿಕರ ಉಸಿರು ಕಿತ್ತುಕೊಳ್ಳುತ್ತಿದೆ. ಹಾಗೆ ದುಡಿಯುವವರ ನಡುವೆ ಕ್ಯಾಮೆರಾ ಹಿಡಿದು ನುಗ್ಗುವುದು ನನಗೆ ಸರಿ ಕಾಣುವುದಿಲ್ಲ.

ನಾರ್ವೆಯ ರೋರೋಸ್‌ನಲ್ಲಿ 1644ರಿಂದ 1977ರವರೆಗೆ ತಾಮ್ರದ ಕೆಲಸ ನಡೆಯಿತು. ಅದಿರು ಕರಗಿಸಿ ಲೋಹ ತೆಗೆದ ಮೇಲೆ ಕುಲುಮೆಯಲ್ಲಿ ಉಳಿಯುವ ಕಸವೇ ಕಿಟ್ಟ; ಅದರ ಕಪ್ಪು ರಾಶಿಗಳನ್ನು ಊರ ಮಗ್ಗುಲಲ್ಲೇ ಉಳಿಸಿಕೊಂಡಿದ್ದಾರೆ. ಬಡವರ ಪುಟ್ಟ ಮರದ ಮನೆಗಳೂ ಆ ರಾಶಿಯ ಬುಡದಲ್ಲೇ ಇವೆ. ಇದ್ದಿಲಿಗಾಗಿ ಸುತ್ತಲಿನ ಕಾಡು ಬೋಳಾದ ಕತೆಯನ್ನೂ ಮುಚ್ಚಿಟ್ಟಿಲ್ಲ. ಹಳೇ ಗಣಿಯೊಳಗೆ ಗೈಡ್ ಕರೆದುಕೊಂಡು ಹೋಗುತ್ತಾರೆ. ಎಲ್ಲ ಕಡೆಯೂ ಹೀಗೇ ಇರಬೇಕು.

ಬಿಟ್ಟುಹೋದ ಸುರಂಗದೊಳಗೆ ಮಾತ್ರ ಸುಮ್ನೆ ಯಾರೂ ಕಾಲಿಡಬೇಡಿ. ಒಳಗೆ ಆಮ್ಲಜನಕ ಕಡಿಮೆಯಾಗಿದ್ದರೆ ಅದು ವಾಸನೆಯಿಂದ ಗೊತ್ತಾಗುವುದಿಲ್ಲ. ಆಸರೆಗೆ ಕೊಟ್ಟ ಮರ ಕೊಳೆತಿರಬಹುದು. ಇಂಥ ಎಚ್ಚರಿಕೆಯನ್ನು ಪ್ರವಾಸ ಪುಟದಲ್ಲಿ ತಪ್ಪದೆ ಹಾಕಿ. ಚರ್ಚಿನ ಫೋಟೊ ಪಕ್ಕ ಕಿಟ್ಟದ ರಾಶಿಯ ಫೋಟೊಗೂ ಜಾಗ ಕೊಡಿ. ಗಣಿಯಲ್ಲಿ ದುಡಿದವರನ್ನು, ಅವರ ಮಕ್ಕಳು ಮೊಮ್ಮಕ್ಕಳನ್ನು ಮಾತಾಡಿಸಿ ಬರೆಯುವಂತೆ ನಿಮ್ಮ ಬರಹಗಾರರಿಗೆ ಹೇಳಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ