ಪಗಾರದಲ್ಲಿ ಹಿಡಿದ ಇಎಸ್‌ಐ ಹಣ ಎಲ್ಲಿ ಹೋಯಿತು?

ಮುಂಬಯಿ, 4 ಆಗಸ್ಟ್ 2025

ಇವರಿಗೆ,
ಮಾಲೀಕರು, ನಮ್ಮ ಹೋಟೆಲ್ ಕಂಪನಿ

ವಿಷಯ: 2024ರ ಅಕ್ಟೋಬರ್‌ನಿಂದ 2025ರ ಮಾರ್ಚ್‌ವರೆಗೆ ಪಗಾರದಲ್ಲಿ ಹಿಡಿದ ಇಎಸ್‌ಐ (ಕೆಲಸಗಾರರ ಸರ್ಕಾರಿ ವಿಮೆ) ಕಂತನ್ನು ಕಟ್ಟದೇ ಇರುವ ಬಗ್ಗೆ ದೂರು

ಮಾನ್ಯ ಧಣಿಗಳೇ,

ನಿಮ್ಮ ಮುಲುಂಡ್ ಶಾಖೆಯಲ್ಲಿ ದೋಸೆ ಕಾವಲಿ ಮುಂದೆ ನಿಂತು 11 ವರ್ಷ ಆಯಿತು. ಇಷ್ಟು ದಿನ ನಿಮಗೆ ಒಂದು ಕಾಗದ ಬರೆದವನಲ್ಲ. ಏನಿದ್ದರೂ ಅಡುಗೆಮನೆ ಬಾಗಿಲಲ್ಲೇ ಹೇಳಿ ಮುಗಿಸುತ್ತಿದ್ದೆ. ಈ ವಿಷಯವನ್ನೂ ಮೂರು ಸಲ ಬಾಯಲ್ಲೇ ಹೇಳಿದೆ. ಮೂರು ಸಲವೂ ಮ್ಯಾನೇಜರ್ "ನೋಡುವಾ" ಅಂದರು. ಅದಕ್ಕೇ ಈಗ ಬರೆದು ಕೊಡುತ್ತಿದ್ದೇನೆ.

ಜುಲೈ 9ರ ರಾತ್ರಿ ನನ್ನ ಹೆಂಡತಿಗೆ ಹೊಟ್ಟೆನೋವು ಶುರುವಾಯಿತು. ಬಲಗಡೆ ಪಕ್ಕೆಯ ಕೆಳಗೆ ಹಿಡಿದದ್ದು ಬೆನ್ನಿನವರೆಗೆ ಹೋಯಿತು. ಬೆಳಗಾಗುವುದನ್ನೇ ಕಾದು ಇಎಸ್‌ಐ ಆಸ್ಪತ್ರೆಗೆ ಹೋದೆವು. ಕಿಟಕಿಯಲ್ಲಿ ಕಾರ್ಡ್ ಕೊಟ್ಟೆ. ಒಳಗಿದ್ದ ಹುಡುಗಿ ನಂಬರ್ ಒತ್ತಿದಳು, ಇನ್ನೊಮ್ಮೆ ಒತ್ತಿದಳು, ಆಮೇಲೆ ಪರದೆಯನ್ನೇ ನನ್ನ ಕಡೆ ತಿರುಗಿಸಿದಳು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಆರು ಸಾಲು. ಆರರಲ್ಲೂ ಸೊನ್ನೆ. "ಕಾಕಾ, ಶೇಠ್‌ಲಾ ವಿಚಾರಾ" ಅಂದಳು, ಅಂದರೆ ಧಣಿಯನ್ನೇ ಕೇಳಿ ಅಂತ. ಹಿಂದೆ ಲೈನಿನಲ್ಲಿ ಜನ ನಿಂತಿದ್ದರು. ನಾನೇ ಏನೋ ಮೋಸ ಮಾಡಿ ಸಿಕ್ಕಿಬಿದ್ದವನ ಹಾಗೆ ಪಕ್ಕಕ್ಕೆ ಸರಿದೆ.

ಪಿತ್ತಕೋಶದಲ್ಲಿ ಕಲ್ಲು, ಕಾಯುವ ಹಾಗಿರಲಿಲ್ಲ. ಭಾಂಡುಪ್‌ನ ಒಂದು ನರ್ಸಿಂಗ್ ಹೋಮ್‌ನಲ್ಲಿ ಆಪರೇಷನ್ ಆಯಿತು. ಬಿಲ್ಲು 64,300 ರೂಪಾಯಿ. ಅದರಲ್ಲಿ 40,000 ಅವಳ ಎರಡು ಬಳೆ ಅಡವಿಟ್ಟು ತಂದದ್ದು. ಈಗ ಅವಳು ಆರಾಮಾಗಿದ್ದಾಳೆ, ಆ ಚಿಂತೆ ಬೇಡ.

ಆ ಆರು ತಿಂಗಳ ಪಗಾರ ಚೀಟಿ ನನ್ನ ಹತ್ತಿರ ಇದೆ. ಮನೆಯಲ್ಲಿ ಉಪ್ಪಿನ ಡಬ್ಬಿಯ ಹಿಂದೆ ಇಡುತ್ತೇನೆ, ಹಾಗಾಗಿ ಒಂದೆರಡರ ಮೂಲೆಗೆ ಎಣ್ಣೆ ಹಿಡಿದಿದೆ. ಅಂಕಿ ಮಾತ್ರ ಅಳಿಸಿಲ್ಲ. ಪಗಾರ 18,000, ಇಎಸ್‌ಐ ಕಡಿತ 135. ಮ್ಯಾನೇಜರ್ ನೀಲಿ ಪೆನ್ನಿನಲ್ಲಿ ಬರೆದದ್ದು, ಒಂದು ತಿಂಗಳೂ ತಪ್ಪಿಸಿಲ್ಲ. ನನ್ನ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ. ನಿಮ್ಮ ಪಾಲು ನೂರಕ್ಕೆ ಮೂರೂಕಾಲು, ಅಂದರೆ 585. ಎರಡೂ ಸೇರಿ 720 ರೂಪಾಯಿ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕಿತ್ತು. ನಿಮ್ಮ 585 ಬಿಡಿ, ನನ್ನ 135 ಆದರೂ ಅಲ್ಲಿ ಇರಬೇಕಿತ್ತು ಅಲ್ವಾ? ಹೊಸ ಶಾಖೆಗೆ ಖರ್ಚು ಜಾಸ್ತಿ ಆಯಿತು, ಕೈ ಬಿಗಿ ಇತ್ತು ಅಂತ ಕೇಳಿದೆ. ಇರಬಹುದು. ಆದರೆ ಮುಲುಂಡ್ ಶಾಖೆಯ ಎಲ್ಲರ ಒಂದು ತಿಂಗಳ ಕಂತಿಗಿಂತ ಒಂದು ಭಾನುವಾರದ ಗಲ್ಲಾ ಜಾಸ್ತಿ ಆಗುತ್ತದೆ. ಅದು ನಿಮಗೂ ಗೊತ್ತು, ನನಗೂ ಗೊತ್ತು.

"ಏಪ್ರಿಲ್‌ನಿಂದ ಕಟ್ತಾ ಇದ್ದೇವಲ್ಲ, ಮತ್ತೇನು?" ಅಂತ ಮ್ಯಾನೇಜರ್ ಕೇಳಿದರು. ಕೆಲಸಕ್ಕೆ ರಜೆ ಹಾಕಿ ಲೋವರ್ ಪರೇಲ್‌ನ ಇಎಸ್‌ಐ ಕಚೇರಿ ಪಂಚದೀಪ ಭವನಕ್ಕೆ ಹೋಗಿ ವಿಚಾರಿಸಿ ಬಂದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ್ದು ಜುಲೈನಿಂದ ಡಿಸೆಂಬರ್‌ವರೆಗೆ ಉಪಯೋಗಕ್ಕೆ ಬರುತ್ತದೆ. ಅದರಲ್ಲಿ ಕಡಿಮೆ ಅಂದರೂ 78 ದಿನದ ಕಂತು ಇರಬೇಕು. ಏಪ್ರಿಲ್‌ನಿಂದ ಕಟ್ಟಿದ್ದು ಬರುವ ಜನವರಿಗೆ. ದೋಸೆಯವನಿಗೆ ಇದು ಬೇಗ ತಲೆಗೆ ಹೋಗುತ್ತದೆ. ನಿನ್ನೆ ಅಕ್ಕಿ ನೆನೆ ಹಾಕದಿದ್ದರೆ ಇವತ್ತು ಹಿಟ್ಟಿಲ್ಲ. ಈಗ ನೆನೆ ಹಾಕಿದ್ದೇನೆ ಅಂತ ಗಿರಾಕಿಗೆ ಹೇಳಿದರೆ ಅವನ ಹೊಟ್ಟೆ ತುಂಬುತ್ತದಾ? ನೀವು ಚಳಿಗಾಲದಲ್ಲಿ ತಪ್ಪಿಸಿದ್ದು ನಮಗೆ ಮಳೆಗಾಲದಲ್ಲಿ ಗೊತ್ತಾಯಿತು. ಅದೂ ಆಸ್ಪತ್ರೆ ಕಿಟಕಿಯಲ್ಲಿ.

ಕಾನೂನನ್ನು ನಮ್ಮೂರ ಕಡೆಯ ವಕೀಲರೊಬ್ಬರು ಓದಿ ಹೇಳಿದರು. 1948ರ ಇಎಸ್‌ಐ ಕಾಯ್ದೆಯ 40ನೇ ಕಲಮಿನ ಪ್ರಕಾರ ಪಗಾರದಲ್ಲಿ ಹಿಡಿದ ಹಣ ನಿಮ್ಮದಲ್ಲ, ಕಟ್ಟಲಿಕ್ಕೆ ಅಂತ ನಿಮ್ಮ ಕೈಯಲ್ಲಿ ನಂಬಿ ಕೊಟ್ಟದ್ದು. ಹಿಡಿದೂ ಕಟ್ಟದಿದ್ದರೆ 85ನೇ ಕಲಮಿನಲ್ಲಿ ಕಡಿಮೆ ಅಂದರೆ ಒಂದು ವರ್ಷ ಜೈಲು, ಮೇಲೆ 10,000 ದಂಡ. ಇದನ್ನು ಬರೆಯುವಾಗ ನನಗೇ ಒಂಥರಾ ಆಗುತ್ತದೆ. ನನ್ನ ಮದುವೆಗೆ ಬಂದು ಊಟ ಮಾಡಿ ಹೋದವರು ನೀವು. ಆದರೆ ಬರೆಯದೆ ಬೇರೆ ದಾರಿ ಕಾಣಲಿಲ್ಲ.

ನಾನು ಕೇಳುವುದು ಇಷ್ಟು. ಆರು ತಿಂಗಳ ಬಾಕಿಯನ್ನು ವರ್ಷಕ್ಕೆ ನೂರಕ್ಕೆ 12ರ ಬಡ್ಡಿ ಸೇರಿಸಿ ಕಟ್ಟಿ. ನನ್ನೊಬ್ಬನದು ಮಾತ್ರ ಅಲ್ಲ, ಸಪ್ಲೈಯರ್, ಕ್ಲೀನರ್ ಹುಡುಗರು ಎಲ್ಲರದ್ದೂ. ಅವರಲ್ಲಿ ಅರ್ಧ ಜನ, ಕಂತು ಕಟ್ಟಿದ್ದು ತೋರಿಸುವ ಸರ್ಕಾರದ ಉಮಂಗ್ ಆಪ್ ತೆರೆದು ನೋಡಿಯೇ ಇಲ್ಲ. ಈ ಬಾಕಿಯನ್ನು ನಮ್ಮ ಮುಂದಿನ ಪಗಾರದಲ್ಲಿ ಮತ್ತೆ ಹಿಡಿಯುವ ಹಾಗಿಲ್ಲ, ಅದನ್ನೂ ವಕೀಲರು ಒತ್ತಿ ಹೇಳಿದ್ದಾರೆ. ಆಸ್ಪತ್ರೆಯ 64,300 ರೂಪಾಯಿ ನೀವು ಕೊಡಬೇಕು. ಒಟ್ಟಿಗೆ ಆಗದಿದ್ದರೆ ಎರಡು ಕಂತಿನಲ್ಲಿ ಕೊಡಿ, ಮೊದಲನೆಯದು ಬಳೆ ಬಿಡಿಸುವಷ್ಟಿರಲಿ.

ಜುಲೈ ತಿಂಗಳ ಕಂತು ಹೇಗೂ ಈ 15ರೊಳಗೆ ಕಟ್ಟಬೇಕು. ಬಾಕಿಯನ್ನೂ ಆಗಲೇ ಕಟ್ಟಿಬಿಡಿ. ಅವತ್ತು ಸ್ವಾತಂತ್ರ್ಯ ದಿನ, ಬ್ಯಾಂಕ್ ರಜೆ ಅನ್ನಬೇಡಿ, 14ಕ್ಕೇ ಕಟ್ಟಬಹುದು. 18ರ ಸೋಮವಾರ ಆಪ್ ತೆರೆದು ನೋಡುತ್ತೇನೆ. ಸೊನ್ನೆಯೇ ಇದ್ದರೆ ಇದೇ ಕಾಗದ ಪಂಚದೀಪ ಭವನಕ್ಕೆ ಹೋಗುತ್ತದೆ. 68ನೇ ಕಲಮಿನಲ್ಲಿ ಅವರು ನನಗೆ ಸಿಗಬೇಕಾದ್ದನ್ನು ಕೊಟ್ಟು ನಿಮ್ಮಿಂದ ವಸೂಲಿ ಮಾಡಬಹುದಂತೆ, ಅದೂ ಕಡಿಮೆ ಅಂದರೆ ಬಾಕಿ ಕಂತಿನ ಎರಡು ಪಟ್ಟು.

ಇಂತಿ,
ಮುಲುಂಡ್ ಶಾಖೆಯ ದೋಸೆ ಕೆಲಸದವ

ಜೊತೆಗೆ: ಆರು ಪಗಾರ ಚೀಟಿ, ಉಮಂಗ್ ಪುಟದ ಪ್ರಿಂಟ್, ಆಸ್ಪತ್ರೆ ಬಿಲ್ಲು. ಎಲ್ಲವೂ ಜೆರಾಕ್ಸ್. ಅಸಲು ನನ್ನ ಹತ್ತಿರವೇ ಇರುತ್ತದೆ. ಈ ಕಾಗದದ ಎರಡನೇ ಪ್ರತಿಗೆ ತಾರೀಕು ಹಾಕಿ ಸಹಿ ಮಾಡಿ ಕೊಡಿ.