ಮೊದಲು ಬೀಳೋದು ಕಲಿಸಿ, ಆಮೇಲೆ ಹೊಡೆಯೋದು

ಮಾನ್ಯ ಸಂಪಾದಕರೇ,

ನನಗೀಗ 43 ವರ್ಷ. ಹತ್ತು ತಿಂಗಳಿಂದ ಮನೆ ಹತ್ತಿರದ ಜಿಮ್‌ನಲ್ಲಿ ಮಿಕ್ಸ್‌ಡ್ ಮಾರ್ಷಲ್ ಆರ್ಟ್ಸ್ (ಗುದ್ದು, ಒದೆ, ಕುಸ್ತಿ ಎಲ್ಲಾ ಸೇರಿದ ಕಾದಾಟದ ಆಟ) ಕಲಿಯುತ್ತಿದ್ದೇನೆ. ಈ ಆಟದ ಸುದ್ದಿ ಜೊತೆಗೆ ಸಾಮಾನ್ಯವಾಗಿ ರಕ್ತ ಸುರಿಯುವ ಮುಖದ ಚಿತ್ರ ಇರುತ್ತದೆ. ಅದನ್ನು ನೋಡಿ ಕೆಲವರು ಹೆದರಿ ದೂರ ಉಳಿಯುತ್ತಾರೆ. ಇನ್ನು ಕೆಲವರು ಏಟು ತಿನ್ನುವುದೇ ಕಲಿಕೆ ಅಂದುಕೊಂಡು ಸೇರುತ್ತಾರೆ. ನನಗೆ ಇವರ ಚಿಂತೆಯೇ ಜಾಸ್ತಿ. ನಾನೂ ಹಾಗೇ ಅಂದುಕೊಂಡಿದ್ದವಳು.

ಮೊದಲು ಸೇರಿದ್ದ ಜಿಮ್ ಬೇರೆ. ಅಲ್ಲಿ ಎರಡನೇ ವಾರಕ್ಕೇ ಸ್ಪಾರಿಂಗ್‌ಗೆ, ಅಂದರೆ ಅಭ್ಯಾಸದ ಕಾದಾಟಕ್ಕೆ, ಇಳಿಸಿದರು. ಎದುರಿಗಿದ್ದ ಹುಡುಗಿ ಎರಡು ವರ್ಷದಿಂದ ಕಲಿಯುತ್ತಿದ್ದವಳು. ನನಗೆ ಕೈ ಎತ್ತಿ ಮುಖ ಕಾಪಾಡಿಕೊಳ್ಳುವುದೂ ಸರಿಯಾಗಿ ಬರುತ್ತಿರಲಿಲ್ಲ. ದವಡೆಗೆ ಪಕ್ಕದಿಂದ ಬೀಸಿದ ಒಂದು ಗುದ್ದು (ಹುಕ್) ಬಿತ್ತು. ಕಾಲ ಕೆಳಗಿನ ಮ್ಯಾಟ್ ವಾಲಿದ ಹಾಗಾಯಿತು. ‘ಏನೂ ಆಗಲ್ಲ, ಇನ್ನೊಂದು ರೌಂಡ್ ಆಡಿ’ ಅಂದರು ಅಲ್ಲಿನ ಕೋಚ್. ಆಡಿದೆ. ಆಮೇಲೆ ಮೂರು ದಿನ ತಲೆನೋವು, ವಾಕರಿಕೆ, ಬೆಳಕು ಕಂಡರೆ ಆಗುತ್ತಿರಲಿಲ್ಲ. ಡಾಕ್ಟರ್ ನೋಡಿ ಕನ್ಕಶನ್, ಅಂದರೆ ಪೆಟ್ಟಿನಿಂದ ಮಿದುಳಿಗೆ ಆಗುವ ಆಘಾತ, ಅಂದರು. ಹೆಡ್‌ಗೇರ್ ಹಾಕಿದ್ದೆನಲ್ಲ ಅಂದೆ. ಅದು ಚರ್ಮ ಸೀಳುವುದನ್ನು ತಡೆಯುತ್ತದೆ, ಒಳಗೆ ಮಿದುಳು ಅಲುಗುವುದನ್ನು ತಡೆಯಲ್ಲ ಅಂತ ತಿಳಿಸಿ ಹೇಳಿದರು. ಮೊದಲ ಪೆಟ್ಟು ವಾಸಿಯಾಗುವ ಮುಂಚೆ ತಲೆಗೆ ಇನ್ನೊಂದು ಬಿದ್ದರೆ ಜೀವಕ್ಕೇ ಅಪಾಯ ಬರಬಹುದಂತೆ.

ಈಗಿನ ಜಿಮ್‌ನಲ್ಲಿ ಮೊದಲ ತಿಂಗಳು ಯಾರಿಗೂ ಒಂದು ಗುದ್ದು ಕೊಟ್ಟಿಲ್ಲ, ತಿಂದೂ ಇಲ್ಲ. ಬೀಳುವುದನ್ನು ಕಲಿಸಿದರು. ಗಲ್ಲ ಎದೆಗೆ ಒತ್ತಿಕೊಂಡು, ಬೆನ್ನು ದುಂಡಗೆ ಮಾಡಿ, ಎರಡೂ ಅಂಗೈಯನ್ನು ಮ್ಯಾಟ್‌ಗೆ ಪಟ್ ಅಂತ ಬಡಿಯಬೇಕು. ಕೈ ಊರಲು ಹೋದರೆ ಮಣಿಕಟ್ಟು ಮುರಿಯಬಹುದು. ಅದಾದ ಮೇಲೆ ಟ್ಯಾಪ್ ಮಾಡುವುದು, ಅಂದರೆ ಸೋತೆ, ಬಿಡು ಅಂತ ಕೈಯಿಂದ ತಟ್ಟಿ ತಿಳಿಸುವುದು.

ಹಿಂದಿನಿಂದ ಕತ್ತಿಗೆ ತೋಳು ಹಾಕಿ ಬಿಗಿಯುವ ಚೋಕ್ ಸರಿಯಾಗಿ ಬಿದ್ದರೆ ಉಸಿರು ಕಟ್ಟುವುದಿಲ್ಲ. ಕತ್ತಿನ ಎರಡೂ ಪಕ್ಕದ ರಕ್ತನಾಳ ಒತ್ತಿಹೋಗುತ್ತದೆ. ಕಿವಿಯಲ್ಲಿ ಗುಂಯ್ ಅನ್ನುತ್ತದೆ, ಕಣ್ಣಿನ ಅಂಚು ಕಪ್ಪಾಗುತ್ತಾ ಬರುತ್ತದೆ. ಬಿಡದೇ ಹಿಡಿದರೆ ಹತ್ತು ಸೆಕೆಂಡಿನೊಳಗೇ ಪ್ರಜ್ಞೆ ಹೋಗಬಹುದು. ಆಗ ಜೊತೆಯವರ ತೋಳನ್ನು ಎರಡು ಮೂರು ಸಲ ತಟ್ಟಬೇಕು. ತಟ್ಟಿದ ಕ್ಷಣವೇ ಆ ತೋಳು ಸಡಿಲವಾಗುತ್ತದೆ. ಮೊದಲ ಸಲ ಅದು ಸಡಿಲವಾದಾಗ ನನಗೆ ಅಳು ಬಂತು. ನನಗಿಂತ ಇಪ್ಪತ್ತು ಕೆಜಿ ಹೆಚ್ಚು ಭಾರದ ಹೆಂಗಸು ನನ್ನ ಎರಡು ತಟ್ಟಿಗೆ ಮರ್ಯಾದೆ ಕೊಟ್ಟಿದ್ದಳು.

1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನಡೆದ, ಈ ಆಟದ ದೊಡ್ಡ ಸ್ಪರ್ಧೆಯಾದ ಯುಎಫ್‌ಸಿಯ ಮೊದಲ ಟೂರ್ನಿಯಲ್ಲಿ ತೂಕದ ವಿಭಾಗವೇ ಇರಲಿಲ್ಲ. ಅಲ್ಲಿ ಗೆದ್ದ ಬ್ರೆಜಿಲ್‌ನ ರಾಯ್ಸ್ ಗ್ರೇಸಿ ದೊಡ್ಡ ಆಳೇನಲ್ಲ. ಎದುರಾಳಿಗಳನ್ನು ನೆಲಕ್ಕೆ ತಂದು, ಮೂರೂ ಪಂದ್ಯದಲ್ಲಿ ಸೋಲು ಒಪ್ಪಿಸಿ ಗೆದ್ದರು. ಈ ಆಟ ಬರೀ ಗುದ್ದಾಟ ಅನ್ನುವವರು ಇದನ್ನು ಗಮನಿಸಬೇಕು, ಅಲ್ವಾ?

ಪಂದ್ಯದಲ್ಲಿ ರೆಫರಿ ಇರುತ್ತಾರೆ, ಪಕ್ಕದಲ್ಲೇ ಡಾಕ್ಟರ್ ಇರುತ್ತಾರೆ. ಜಿಮ್‌ನಲ್ಲಿ ಎಲ್ಲವೂ ಕೋಚ್ ಒಬ್ಬರೇ. ಹಾಗಾಗಿ ಸೇರುವವರು, ಮಕ್ಕಳನ್ನು ಸೇರಿಸುವವರು, ಹಣ ಕಟ್ಟುವ ಮುಂಚೆ ಒಂದು ದಿನ ಸುಮ್ನೆ ಕೂತು ಕ್ಲಾಸ್ ನೋಡಿ. ಹೊಸಬರನ್ನು ಯಾವಾಗ ಸ್ಪಾರಿಂಗ್‌ಗೆ ಬಿಡುತ್ತೀರಿ ಅಂತ ಕೇಳಿ. ತಲೆಗೆ ಪೆಟ್ಟಾದರೆ ಏನು ಮಾಡುತ್ತೀರಿ ಅಂತಲೂ ಕೇಳಿ.

ಹೋದ ವಾರ ನಮ್ಮಲ್ಲಿ ಒಬ್ಬ ಹುಡುಗನ ತಲೆಗೆ ಗೊತ್ತಿಲ್ಲದೆ ಮೊಣಕಾಲು ತಗುಲಿತು. ‘ನಾನು ಚೆನ್ನಾಗೇ ಇದ್ದೀನಿ ಸರ್’ ಅಂತ ಎದ್ದು ನಿಂತ. ಕೋಚ್ ಒಪ್ಪಲಿಲ್ಲ. ಅವನ ಗ್ಲೌಸ್ ತಾವೇ ಬಿಚ್ಚಿ ಪಕ್ಕಕ್ಕೆ ಕೂರಿಸಿ, ಅವನ ಅಮ್ಮನಿಗೆ ಫೋನ್ ಮಾಡಿ, ವಾಂತಿ ಆದರೆ, ಮಾತು ತಡವರಿಸಿದರೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದರು. ಡಾಕ್ಟರ್ ಒಪ್ಪಿ ಬರೆದುಕೊಡುವವರೆಗೆ ಅವನಿಗೆ ಸ್ಪಾರಿಂಗ್ ಇಲ್ಲ.

ಇತಿ,
ನಿಮ್ಮ ಓದುಗರಲ್ಲಿ ಒಬ್ಬಳು